ಬೆಂಗಳೂರು ಬಸ್ಸು: ಬಳಸುವ ವಿಧಾನ, ಎಚ್ಚರಿಕೆಗಳು ಸಮೇತ

ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಕ ಕೊಡುತ್ತಾರೆ, ಯಾರೂ ಓದದಿರಲಿ ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿ. ಬೆಂಗಳೂರಿಗೆ ಬಂದಿಳಿದವರಿಗೆ ಅಷ್ಟೂ ಸಿಗುವುದಿಲ್ಲ. ಸದರಿ ಕೊರತೆಯನ್ನು ನೀಗಿಸುವ ಸಲುವಾಗಿ, ಹಾಸನ, ಹಾವೇರಿ, ಹೊಸಪೇಟೆಗಳಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಕಣ್ಣುಜ್ಜಿಕೊಳ್ಳುತ್ತ ಇಳಿಯುವ ಸಮಸ್ತರಿಗಾಗಿ ಈ ಕೈಪಿಡಿ. ಉಪಕರಣ ಬಳಸುವ ಮುನ್ನ ಪೂರ್ತಿ ಓದತಕ್ಕದ್ದು. ನಡುವೆ ಬಸ್ಸು ಬಂದುಬಿಟ್ಟರೆ ಓದುವುದನ್ನು ಅಲ್ಲಿಗೇ ಬಿಟ್ಟು ಓಡತಕ್ಕದ್ದು.

ಬಿಡಿಭಾಗಗಳ ಪರಿಚಯ

ಮೊದಲಿಗೆ ಮೆಜೆಸ್ಟಿಕ್. ಈ ಹೆಸರಿನ ಬೋರ್ಡನ್ನು ಹುಡುಕಬೇಡಿ. ಬೋರ್ಡಿನಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎಂದಿರುತ್ತದೆ. ಮೆಜೆಸ್ಟಿಕ್ ಎಂಬುದು ಆ ಕಡೆ ಇದ್ದ ಒಂದು ಚಿತ್ರಮಂದಿರ. ಅದು ಹೋಯಿತು, ಕಂಡಕ್ಟರುಗಳು ಮಾತ್ರ ಇವತ್ತಿಗೂ ಅದನ್ನೇ ಕೂಗುತ್ತಾರೆ. ಬಸ್ ನಿಲ್ದಾಣಕ್ಕೂ ಮೊದಲು ಅಲ್ಲಿದ್ದದ್ದು ಧರ್ಮಾಂಬುಧಿ ಕೆರೆ. ಮಿನರ್ವ ಸರ್ಕಲ್ಲಿನಲ್ಲಿ ಮಿನರ್ವ ಟಾಕೀಸಿಲ್ಲ. ಸಿಟಿ ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಸಂಗೊಳ್ಳಿ ರಾಯಣ್ಣ, ವಿಧಾನಸೌಧದ ಮೆಟ್ರೊ ನಿಲ್ದಾಣದಲ್ಲಿ ಅಂಬೇಡ್ಕರ್. ಆದ್ದರಿಂದ ಫೋನಿನ ನಕ್ಷೆ ನೋಡಿಕೊಳ್ಳಿ, ದಾರಿಯನ್ನು ಮಾತ್ರ ಬಾಯಿಬಿಟ್ಟು ಕೇಳಿ. ಅರವತ್ತು ದಾಟಿದವರನ್ನು ಕೇಳಿದರೆ ಉತ್ತಮ. ಅವರು ಬಿಎಂಟಿಸಿಯನ್ನು ಈಗಲೂ ಬಿಟಿಎಸ್ ಎನ್ನುತ್ತಾರೆ. 1997ರಲ್ಲಿ ಹೆಸರು ಬದಲಾದ ಸುದ್ದಿ ಅವರನ್ನಿನ್ನೂ ತಲುಪಿಲ್ಲ. ದಾರಿ ಮಾತ್ರ ಕರಾರುವಾಕ್ಕಾಗಿ ಹೇಳುತ್ತಾರೆ, ಕೇಳದಿದ್ದರೂ ಎಲ್ಲಿ ಕಾಫಿ ಚೆನ್ನಾಗಿದೆ ಎನ್ನುವುದನ್ನೂ ಸೇರಿಸಿ.

ಎರಡನೆಯದು ನಂಬರು. ಬಸ್ಸಿನ ಹಣೆಯಲ್ಲಿ ನಂಬರಿಗಿಂತ ಮುಖ್ಯವಾದದ್ದು ಅದರ ಬಾಲದಲ್ಲಿರುವ ಅಕ್ಷರ. 500ರ ಸರಣಿಯೆಂದರೆ ಹೊರವರ್ತುಲ ರಸ್ತೆ. 500-ಡಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ. 335-ಇ ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ. ಬಾಲದ ಅಕ್ಷರ ತಪ್ಪಿದರೂ ಮುಕ್ಕಾಲು ದಾರಿ ಸರಿಯಾಗಿಯೇ ಇರಬಹುದು. ಅಪಾಯ ಇರುವುದೇ ಅಲ್ಲಿ, ಬಸ್ಸು ಬೇರೆ ಕಡೆ ತಿರುಗುವವರೆಗೆ ನಿಮಗೆ ಅನುಮಾನವೇ ಬರುವುದಿಲ್ಲ. 'ಕೆಐಎ' ಎಂದಿದ್ದರೆ ವಿಮಾನ ನಿಲ್ದಾಣಕ್ಕೆ. 'ವಿ' ಎಂದಿದ್ದರೆ ಎಸಿ ಬಸ್ಸು, ಟಿಕೆಟಿನ ದರ ಮಾತ್ರ ತಣ್ಣಗಿರುವುದಿಲ್ಲ.

ಚಾಲನೆ

ಬಸ್ಸು ತಂಗುದಾಣದ ಎದುರು ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹತ್ತಾರು ಹೆಜ್ಜೆ ಹಿಂದೆ ನಿಲ್ಲುತ್ತದೆ, ಇಲ್ಲವೇ ಮುಂದೆ. ಯಾವ ಕಡೆ ಎಂಬುದನ್ನು ಉಳಿದವರು ಓಡುವ ದಿಕ್ಕು ನೋಡಿ ನಿರ್ಧರಿಸಿ.

ಹೆಂಗಸರು ಮುಂದೆ, ಗಂಡಸರು ಹಿಂದೆ. ಸಂಸಾರ ಸಮೇತ ಹೊರಟವರು ಎಲ್ಲಿ ಇಳಿಯಬೇಕೆಂದು ಹತ್ತುವ ಮೊದಲೇ ಮಾತಾಡಿಕೊಂಡಿರಬೇಕು. ತಪ್ಪಿದರೆ ಮುಂದಿನಿಂದ "ರೀ..." ಎಂಬ ಕೂಗು ಬರುತ್ತದೆ, ಹಿಂದಿರುವ ಅರ್ಧ ಗಂಡಸರು ತಿರುಗಿ ನೋಡುತ್ತಾರೆ, ತಿರುಗಬೇಕಾದ ಒಬ್ಬರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿರುತ್ತಾರೆ.

ಈ ಉಪಕರಣದ ಮುಖ್ಯ ಭಾಗ ಎಂಜಿನ್ನಲ್ಲ, ಕಂಡಕ್ಟರು. ಹತ್ತಿರದಿಂದ ಗಮನಿಸಿ: ಎಡಗೈ ಬೆರಳುಗಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟುಗಳು, ಹತ್ತರದ್ದು ಒಂದು ಸಂದಿಗೆ, ಇಪ್ಪತ್ತರದ್ದು ಇನ್ನೊಂದಕ್ಕೆ. ಕಂಕುಳಲ್ಲಿ ಚೀಲ, ಅಂಗೈಯಲ್ಲಿ ಟಿಕೆಟ್ ಮಷೀನು, ಕಿವಿಯ ಮೇಲೆ ಪೆನ್ನು. ಕಂಬಿ ಹಿಡಿಯಲು ಕೈ ಉಳಿದಿಲ್ಲವಾಗಿ ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ ನಿಂತಿರುತ್ತಾರೆ. ಬ್ರೇಕು ಬಿದ್ದರೆ ನಾವೆಲ್ಲ ಮುಗ್ಗರಿಸುತ್ತೇವೆ, ಅವರು ಅಲ್ಲಾಡುವುದಿಲ್ಲ. ಡ್ರೈವರಿನೊಂದಿಗೆ ಅವರ ಸಂಭಾಷಣೆ ಎರಡೇ ಪದಗಳದ್ದು. "ಹೋಲ್ಡಾನ್" ಅಂದರೆ ನಿಲ್ಲಿಸು, "ರೈಟ್ ರೈಟ್" ಅಂದರೆ ಹೊರಡು. ಇವೆರಡರ ನಡುವೆ ಒಂದು ಕಾಲು ಇಳಿಸುವಷ್ಟು ಕಾಲಾವಕಾಶವಿದೆ. ಹಾಗಾಗಿ ಒಂದು ಸ್ಟಾಪು ಮೊದಲೇ ಎದ್ದು ಬಾಗಿಲಿಗೆ ಹೋಗಿ. ಎದ್ದ ಕ್ಷಣವೇ ಸೀಟು ಪರರ ಪಾಲು, ಯೋಚಿಸಿ ಏಳಿ.

ಚಿಲ್ಲರೆಯ ವಿಷಯಕ್ಕೆ ಬರೋಣ, ಅಸಲು ಪರೀಕ್ಷೆ ಇರುವುದೇ ಅಲ್ಲಿ. 2025ರ ಜನವರಿಯಲ್ಲಿ ದರ ಏರಿ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 6ಕ್ಕೆ ಬಂತು. ಐದಕ್ಕಾದರೆ ಒಂದೇ ನಾಣ್ಯದಲ್ಲಿ ವ್ಯವಹಾರ ಮುಗಿಯುತ್ತಿತ್ತು. ಆರು ಎಂಬುದು ಯಾರ ಜೇಬಿನಲ್ಲೂ ಸಿದ್ಧವಾಗಿ ಇರುವ ಸಂಖ್ಯೆಯಲ್ಲ. ಹತ್ತು ಕೊಟ್ಟವರ ಟಿಕೆಟ್ಟಿನ ಬೆನ್ನಿಗೆ ಪೆನ್ನಿನಲ್ಲಿ '4' ಎಂದು ಗೀಚಿ ಕೊಡುವ ಪದ್ಧತಿಯುಂಟು. ಸರ್ಕಾರಿ ಸಾಲಪತ್ರದ ಹಾಗೆ ಇದನ್ನು ಜೋಪಾನ ಮಾಡಿ. ಅವಧಿ ನೀವು ಇಳಿಯುವವರೆಗೆ ಮಾತ್ರ. ಈಗ ಬಸ್ಸಿಗೂ ಕ್ಯೂಆರ್ ಕೋಡು ಬಂದು ಈ ಹಣಕಾಸು ಪದ್ಧತಿ ನಶಿಸುತ್ತಿದೆ. ನನಗಂತೂ ಸ್ವಲ್ಪ ಬೇಸರವೇ.

ಹೆಂಗಸರಿಗೆ ಈ ಅಧ್ಯಾಯ ಅನ್ವಯಿಸುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ಶೂನ್ಯವಾದರೂ ಕೇಳಿ ಪಡೆಯಬೇಕು. ಚೆಕಿಂಗಿನವರು ಹತ್ತಿದರೆ ಸೊನ್ನೆಗೂ ಲೆಕ್ಕ ಕೊಡಬೇಕಾಗುತ್ತದೆ. ಊರು ನೋಡಬೇಕೆನ್ನುವ ಗಂಡಸರು ದಿನದ ಪಾಸು ಕೊಳ್ಳಲಿ. ಪಾಸು ಜೇಬಿನಲ್ಲಿರುವ ದಿನ ತಪ್ಪು ಬಸ್ಸು ಎಂಬುದೇ ಇಲ್ಲ. ಹೊರಟದ್ದು ಲಾಲ್‌ಬಾಗಿಗೆ, ನೋಡಿದ್ದು ಬನಶಂಕರಿ. ಅಮ್ಮನವರ ದರ್ಶನವಾಯಿತೆಂದು ಊರಿಗೆ ಫೋನು ಮಾಡಿ ಹೇಳಿದರಾಯಿತು.

ಮೆಟ್ರೊ

ಇದಕ್ಕೆ ಕೈಪಿಡಿ ಬೇಡ, ಎಲ್ಲವನ್ನೂ ಗೋಡೆಯ ಮೇಲೇ ಬರೆದಿದ್ದಾರೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಶುರುವಾದದ್ದು 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವೂ ಸೇರಿ ಸುಮಾರು 96 ಕಿ.ಮೀ. ಆಯಿತು. ಹಳದಿ ಮಾರ್ಗದಲ್ಲಿ ಆರಂಭಕ್ಕೆ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಬಸ್ಸಿಗೆ ಕಾಯುವ ಅಭ್ಯಾಸ ಜನರಿಗೆ ತಪ್ಪಿಹೋಗದಂತೆ ಹೀಗೆ ಎಚ್ಚರ ವಹಿಸಲಾಯಿತು. ಒಳಗೆ ಕೂತಾಗ ಫೋನಿನ ಇಯರ್‌ಫೋನನ್ನು ಸ್ವಲ್ಪ ಹೊತ್ತು ತೆಗೆದಿಡಿ. ಮುಂದಿನ ನಿಲ್ದಾಣ ಯಾವುದೆಂದು ಈ ಊರಿಗೆ ಅಷ್ಟು ವರ್ಷ ಹೇಳುತ್ತ ಬಂದ ಕನ್ನಡದ ಧ್ವನಿ ನಿರೂಪಕಿ ಅಪರ್ಣಾ ಅವರದು. 2024ರ ಜುಲೈಯಲ್ಲಿ ಅವರು ತೀರಿಕೊಂಡರು. ಒಂದಕ್ಷರವೂ ಜಾರದ ಅಂಥ ಕನ್ನಡ ಬಸ್ಸಿನಲ್ಲಿ ಕೇಳಸಿಗುವುದಿಲ್ಲ. ಅಲ್ಲಿ ಮೆಜೆಸ್ಟಿಕ್ಕೂ 'ಜೆಸ್ಟಿಕ್ ಜೆಸ್ಟಿಕ್' ಆಗಿರುತ್ತದೆ.

ದೋಷಗಳು, ಪರಿಹಾರಗಳು

ಬಸ್ಸು ಮುಂದಕ್ಕೆ ಹೋಗುತ್ತಿಲ್ಲ: ನೀವು ಸಿಲ್ಕ್ ಬೋರ್ಡಿನಲ್ಲಿದ್ದೀರಿ. ಇದು ದೋಷವಲ್ಲ.

ಬಸ್ಸು ಬರುತ್ತಲೇ ಇಲ್ಲ: ಬರುತ್ತದೆ, ಒಂದೇ ನಂಬರಿನವು ಎರಡು ಮೂರು ಒಟ್ಟಿಗೆ. ಮೊದಲನೆಯದಕ್ಕೆ ಮುಗಿಬೀಳಬೇಡಿ, ಹಿಂದಿನದರಲ್ಲಿ ಸೀಟಿರುತ್ತದೆ.

"ಇಲ್ಲೇ ಸಾರ್, ಐದೇ ನಿಮಿಷ" ಎಂದು ದಾರಿಹೋಕರು ಹೇಳಿದರು, ಅರ್ಧ ಗಂಟೆಯಾಯಿತು: ಅವರು ಹೇಳಿದ್ದು ಭಾನುವಾರ ಬೆಳಗಿನ ಲೆಕ್ಕ.

ಆಟೊ ಬೇಕಾಗಿದೆ: ಸದರಿ ಉಪಕರಣ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮೀಟರಿನ ಒಂದೂವರೆ ಪಟ್ಟು ಎಂಬ ನಿಯಮವಿದೆ. ಸಂಜೆ ಏಳಕ್ಕೇ "ಒನ್ ಅಂಡ್ ಹಾಫ್ ಕೊಡಿ ಸಾರ್" ಎಂದರೆ ಗಡಿಯಾರ ತೋರಿಸಿ ವಾದಕ್ಕಿಳಿಯಬೇಡಿ. "ವಾಪಸ್ ಖಾಲಿ ಬರ್ಬೇಕು ಸಾರ್" ಎಂಬ ಉತ್ತರಕ್ಕೆ ಮರುಉತ್ತರವನ್ನು ಈವರೆಗೆ ಯಾರೂ ಕಂಡುಹಿಡಿದಿಲ್ಲ.