ಟಿಂಟಾಜೆಲ್ಲಿನ ಹೊಸಿಲು

ಅರಸೀಕೆರೆಯ ಕೊಬ್ಬರಿ ಮಂಡಿಯ ಲೆಕ್ಕಪತ್ರಗಳಲ್ಲಿ 35 ಸಂವತ್ಸರಗಳನ್ನು ಸವೆಸಿ ನಿವೃತ್ತನಾದ ನಾನು, ಬ್ರಿಸ್ಟಲ್ಲಿನಲ್ಲಿರುವ ಮಗನ ಒತ್ತಾಯಕ್ಕೆ ಮಣಿದು ಸಪತ್ನೀಕನಾಗಿ ಆಂಗ್ಲನಾಡನ್ನು ಸೇರಿದ ಮೂರನೆಯ ವಾರದಲ್ಲಿಯೇ, ಆತನು ನಮ್ಮನ್ನೂ ಮೊಮ್ಮಗನನ್ನೂ ಕಾರ್ನ್‌ವಾಲ್ ಸೀಮೆಯ ಕಡಲತಡಿಯಲ್ಲಿ, ಕಡಿದಾದ ಬಂಡೆಯ ನೆತ್ತಿಯ ಮೇಲೆ ಪಾಳುಬಿದ್ದಿರುವ ಟಿಂಟಾಜೆಲ್ ಕೋಟೆಗೆ ಕರೆದೊಯ್ದನು. ಬೇಲೂರು ಹಳೇಬೀಡುಗಳ ಸೀಮೆಯವರಿಗೆ ಪಾಳುಗೋಡೆ ತೋರಿಸುವುದೆಂದರೆ ತಿಪಟೂರಿನವರಿಗೆ ತೆಂಗಿನಕಾಯಿ ಉಡುಗೊರೆ ಕೊಟ್ಟಂತೆ. ಆದರೆ ಪೆಟ್ರೋಲು ಮಗನದು, ಟಿಕೀಟೂ ಮಗನದು, ನಾನು ಸುಮ್ಮನಾದೆನು.

ಆಂಗ್ಲ ದೊರೆ ಮೂರನೆಯ ಹೆನ್ರಿಯ ತಮ್ಮನಾದ ರಿಚರ್ಡನು 1233ರ ಸುಮಾರಿಗೆ ಇದನ್ನು ಕಟ್ಟಿಸಲು ಶತ್ರುಭಯ ಕಾರಣವಲ್ಲವಂತೆ. ಅದಕ್ಕೆ ನೂರು ವರ್ಷ ಹಿಂದೆ, ನಮ್ಮಲ್ಲಿ ವಿಷ್ಣುವರ್ಧನನು ಆಳುತ್ತಿದ್ದ ಕಾಲದಲ್ಲಿ, ಮಾನ್‌ಮತ್ತಿನ ಜೆಫ್ರಿ ಎಂಬ ಪಾದ್ರಿಯು ಆರ್ಥರ್ ಮಹಾರಾಜನು ಗರ್ಭಸ್ಥನಾದದ್ದು ಇಲ್ಲಿಯೇ ಎಂದು ಬರೆದಿಟ್ಟ ಕಥೆಯ ಮೋಹವೇ ಕಾರಣವಂತೆ.

“ನಮ್ಮ ಭಾವನೋರು ಜೋಯಿಸರ ಮಾತು ಕೇಳಿ ಊರಾಚೆ ಸೈಟು ತೊಗೊಂಡ ಹಾಗಾಯ್ತು ಬಿಡಿ,” ಎಂದಳು ನನ್ನವಳು.

ಕೋಟೆಯ ಅರ್ಧ ನೆಲದ ಮೇಲೆ, ಉಳಿದರ್ಧ ಕಡಲೊಳಗಿನ ಗುಡ್ಡದ ಮೇಲೆ. ನಡುವಣ ಕಮರಿಗೆ 2019ರಲ್ಲಿ ಸೇತುವೆ ಹಾಕಿದ್ದಾರೆ. ಎರಡು ದಡಗಳಿಂದಲೂ ಚಾಚಿಬಂದ ಅದರ ಎರಡು ತುಂಡುಗಳು ಮಧ್ಯದಲ್ಲಿ ಕೂಡುವುದೇ ಇಲ್ಲ. 4 ಸೆಂಟಿಮೀಟರಿನ ಆ ಸಂದಿನಲ್ಲಿ ಕೆಳಗಿನ ಸಮುದ್ರ ಕಂಡೊಡನೆ ನನ್ನವಳು ಸ್ತಂಭೀಭೂತಳಾದಳು.

“ಬೇಕೂಂತಲೇ ಬಿಟ್ಟಿದ್ದಾರಮ್ಮ. ಈ ಕಡೆ ವರ್ತಮಾನ, ಆ ಕಡೆ ಭೂತ.”

“ಭೂತ ಇರೋ ಕಡೆಗೆ ಮಗೂನ ಕರ್ಕೊಂಡು ಬಂದಿದ್ದೀಯಲ್ಲೋ!”

ವ್ಯಾಕರಣದ ಕಾಲತ್ರಯಗಳನ್ನು ಆ ಬಿರುಗಾಳಿಯಲ್ಲಿ ನಾನು ವಿವರಿಸಿ ಮುಗಿಸುವಷ್ಟರಲ್ಲಿ ಆಕೆ ಬಾಗಿ, ಸಂದನ್ನು ಹೊಸಿಲಿನಂತೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ದಾಟಿದಳು. ಹಿಂದಿದ್ದ ಆಂಗ್ಲ ವೃದ್ಧೆಯೊಬ್ಬಳು, ಇದು ಇಲ್ಲಿಯ ಕಟ್ಟಳೆಯೆಂದೇ ಭಾವಿಸಿ, ಊರುಗೋಲನ್ನು ಗಂಡನ ಕೈಗಿತ್ತು ತಾನೂ ಬಗ್ಗಿದಳು. ಆಕೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಮೂವರು ಬೇಕಾಯಿತು.

ಒಳಗೆ ಮೊಂಡುಗೋಡೆಗಳಲ್ಲದೆ ಬೇರೇನೂ ಇಲ್ಲ. ಹೋದ ವರ್ಷ ಹಳೇಬೀಡನ್ನು ಕಂಡಿದ್ದ ಮೊಮ್ಮಗನು “ಅಜ್ಜಿ, ಬೊಂಬೆಗಳೆಲ್ಲಿ?” ಎಂದನು.

“ಪಾಪ, ಇವರಿಗೆ ಬಳಪದ ಕಲ್ಲು ಸಿಗಲಿಲ್ಲ ಕಂದ.”

ಚಿತ್ರಾನ್ನದ ತಟ್ಟೆಯನ್ನು ಗಾಳಿಗೆ ಒಪ್ಪಿಸಿದ ಮೇಲೆ ನಾನು ಅಲ್ಲಿಯ ಫಲಕಗಳನ್ನು ಒಂದಕ್ಷರವೂ ಬಿಡದೆ ಪಾರಾಯಣ ಮಾಡಿದೆನು. ಅರಸೀಕೆರೆಯಲ್ಲಿ, ನಮ್ಮ ಮನೆಯಿಂದ ಕಾಲ್ನಡಿಗೆಯ ದೂರದಲ್ಲಿ, ಈ ಕೋಟೆಗಿಂತ 13 ವರ್ಷ ಹಿರಿದಾದ, 1220ರ ಹೊಯ್ಸಳ ಶಿವಾಲಯವಿದೆ. ನಕ್ಷತ್ರಾಕಾರದ ಅದರ ಮಂಟಪವನ್ನು ನೋಡಲು ಪರವೂರಿನವರು ಬರುತ್ತಾರೆ. ಅದರೊಳಗೆ ನಾನು ಕಡೆಯ ಸಲ ಕಾಲಿಟ್ಟದ್ದು ಮಗನ ಉಪನಯನವಾದ ವರ್ಷ.