ಕಾರಿನ ಅಭ್ಯಂಜನ

ಶನಿವಾರ ಎಣ್ಣೆ ಮನೆಗೆ ತರಬಾರದು ಎಂಬುದು ನಮ್ಮಮ್ಮನ ಕಾನೂನು. ಭಾನುವಾರ ಜೆ.ಸಿ. ರಸ್ತೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗಳು ಬಹುಪಾಲು ಬಾಗಿಲು ಹಾಕಿರುತ್ತವೆ ಎಂಬುದು ಬೆಂಗಳೂರಿನ ಕಾನೂನು. ಮಿಕ್ಕ ಐದು ದಿನ ಆಫೀಸಿನ ಕಾನೂನು. ಈ ಮೂರರ ನಡುವೆ ಸಿಕ್ಕಿಕೊಂಡ ನಾನು, ಮೂರೂವರೆ ಲೀಟರಿನ ಎಂಜಿನ್ ಆಯಿಲ್ ಕ್ಯಾನನ್ನು ಒಂದು ಶನಿವಾರ ಸಂಜೆ ಹೆಗಲುಚೀಲದಲ್ಲಿ ಅವಿಸಿಟ್ಟುಕೊಂಡು ಬಸವನಗುಡಿಯ ಮನೆಯೊಳಕ್ಕೆ ಕಳ್ಳಹೆಜ್ಜೆ ಇಟ್ಟೆ.

"ಏನೋ ಅದು?"

"ಆಯಿಲ್ ಅಮ್ಮ."

"ಆಯಿಲ್ ಅಂದ್ರೂ ಎಣ್ಣೇನೇ ತಾನೆ?"

ಇದು ಸಿಂಥೆಟಿಕ್, ಎಳ್ಳು, ಕಡಲೆಕಾಯಿ, ಹರಳು ಯಾವುದರ ನೆಂಟಸ್ತಿಕೆಯೂ ಇಲ್ಲ, ಶನಿಮಹಾತ್ಮ ತಕರಾರು ಮಾಡಲಾರ ಎಂದು ವಾದಿಸಿದೆ. ಅಮ್ಮ ಕ್ಯಾನನ್ನು ಹೊಸಿಲಾಚೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಡಿಸಿದರು. ರಾತ್ರಿಯೆಲ್ಲ ಅದು ಅಲ್ಲೇ ಮಡಿಮೈಲಿಗೆಯ ವಿಚಾರಣೆ ಎದುರಿಸುತ್ತ ಕೂತಿತ್ತು.

ಆಯಿಲ್ ಬದಲಾಯಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡದ್ದಕ್ಕೆ ಒಂದು ಅನುಮಾನ ಕಾರಣ. ಹೋದ ವರ್ಷ ಗ್ಯಾರೇಜಿನಿಂದ ಕಾರು ತಂದ ಮರುದಿನ ಗೇಜು ಎಳೆದು ನೋಡಿದರೆ, ಹೊಸ ಆಯಿಲ್ ಕಾಡಿಗೆಯಷ್ಟು ಕಪ್ಪಗಿತ್ತು. ಮೇಸ್ತ್ರಿಯನ್ನು ಕೇಳಿದೆ. "ಓಡಿದ್ಮೇಲೆ ಕಪ್ಪಾಗತ್ತೆ ಸಾರ್" ಅಂದ. ಓಡಿದ್ದು ಗ್ಯಾರೇಜಿನಿಂದ ಮನೆಗೆ, ಒಂದೂವರೆ ಕಿಲೋಮೀಟರು. ಜಗಳವಾಡುವ ಧೈರ್ಯವಿಲ್ಲದವರು ಸ್ವಾವಲಂಬಿಗಳಾಗುತ್ತಾರೆ. ನಾನೂ ಆದೆ.

ಆದರೆ ಕಾರಿನಡಿಗೆ ನುಸುಳಿ ಚೇಂಬರಿನ ಬೋಲ್ಟು ಬಿಚ್ಚಬೇಕು. ನಮ್ಮದು ಹನ್ನೆರಡು ವರ್ಷದ ಸಣ್ಣ ಕಾರು, ನೆಲಕ್ಕೂ ಅದರ ಹೊಟ್ಟೆಗೂ ಇರುವ ಅಂತರ ಒಂದು ಗೇಣಿಗಿಂತ ಕಡಿಮೆ. ನನ್ನ ಹೊಟ್ಟೆಗೂ ಬೆನ್ನಿಗೂ ಇರುವ ಅಂತರ ಒಂದು ಗೇಣಿಗಿಂತ ಜಾಸ್ತಿ. ಈ ಲೆಕ್ಕ ಯಾವ ಕಡೆಯಿಂದ ಮಾಡಿದರೂ ತಾಳೆಯಾಗದಿದ್ದಾಗ ಕಣ್ಣಿಗೆ ಬಿದ್ದದ್ದು ಸಕ್ಷನ್ ಪಂಪು. ಒಂದು ಡಬ್ಬ, ಅದರ ನೆತ್ತಿಗೆ ಸೈಕಲ್ ಪಂಪಿನಂಥ ಹಿಡಿ, ಪಕ್ಕದಲ್ಲಿ ಸಣ್ಣ ಕೊಳವೆ. ಗೇಜು ತೆಗೆದ ತೂತಿನಲ್ಲಿ ಕೊಳವೆಯನ್ನು ತಳದವರೆಗೆ ಇಳಿಬಿಟ್ಟು ಪಂಪು ಹೊಡೆದರೆ ಹಳೆಯ ಆಯಿಲ್ ಮೇಲಿನಿಂದಲೇ ಡಬ್ಬಕ್ಕೆ ಬರುತ್ತದೆ. ಬೆಲೆ 2,700 ರೂಪಾಯಿ. ಗ್ಯಾರೇಜಿನಲ್ಲಿ ಕೂಲಿ 300. ವರ್ಷಕ್ಕೊಂದು ಸಲದ ಕೆಲಸ. ಒಂಬತ್ತು ವರ್ಷದಲ್ಲಿ ಪಂಪಿನ ದುಡ್ಡು ವಾಪಸ್ ಎಂದು ಹೆಂಡತಿಗೆ ವಿವರಿಸಿದೆ. ಹದಿನೈದು ತುಂಬಿದ ಕಾರಿಗೆ ಮತ್ತೆ ಆರ್.ಸಿ. ಮಾಡಿಸಬೇಕು, ಅಷ್ಟರೊಳಗೆ ಮಾರೋಣ ಎಂದು ನಾನೇ ಹೇಳಿದ್ದನ್ನು ಅವಳು ನೆನಪಿಸಿದಳು. ಆಮೇಲೆ ಒಂದು ಮಾತು ಸೇರಿಸಿದಳು: "ಸಂಪಲ್ಲಿ ಕೆಸರು ಕೂತಿದೆ, ಕ್ಲೀನ್ ಮಾಡಿಸಿ ಅಂತ ಆರು ತಿಂಗಳಿಂದ ಬಡ್ಕೊತಿದೀನಿ." ಕಾರಿನ ಆಯಿಲ್ ನಿಲ್ಲುವ ಜಾಗಕ್ಕೂ ಸಂಪ್ ಅಂತಲೇ ಹೆಸರು ಎಂದು ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ.

ಜೆ.ಸಿ. ರಸ್ತೆಯ ಅಂಗಡಿಯ ಹುಡುಗ "ಗಾಡಿ ಯಾವ್ದು, ಯಾವ ಮಾಡೆಲ್ಲು?" ಎಂದಷ್ಟೇ ಕೇಳಿ, 5ಡಬ್ಲ್ಯೂ-30 ಕ್ಯಾನೊಂದನ್ನೂ ಅಂಗೈಯಗಲದ ಆಯಿಲ್ ಫಿಲ್ಟರನ್ನೂ ಕೌಂಟರಿನ ಮೇಲೆ ಕುಟ್ಟಿದ. ಆ ಡಬ್ಲ್ಯೂ ಎಂದರೆ ವಿಂಟರ್. ಕೊರೆಯುವ ಚಳಿಯಲ್ಲೂ ಆಯಿಲ್ ಹೆಪ್ಪುಗಟ್ಟದೆ ಹರಿಯಲಿ ಎಂದು ಲೆಕ್ಕ ಹಾಕಿಟ್ಟ ಅಂಕಿ. ಹದಿನಾಲ್ಕು ಡಿಗ್ರಿಗೆ ಮಂಕಿ ಕ್ಯಾಪ್ ಹಾಕಿಕೊಂಡು ಲಾಲ್‌ಬಾಗಿಗೆ ವಾಕಿಂಗ್ ಹೋಗುವ ನಮ್ಮ ಊರಿನ ಕಾರುಗಳಿಗೆ ಇಷ್ಟೊಂದು ಏರ್ಪಾಡು ನೋಡಿ ಅಭಿಮಾನವೆನಿಸಿತು. ಫಿಲ್ಟರನ್ನು ಕಳೆದುಹೋಗದಿರಲಿ ಎಂದು ಕಾರಿನ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಭದ್ರವಾಗಿಟ್ಟೆ.

ಭಾನುವಾರ ಬೆಳಿಗ್ಗೆ ಎಂಜಿನ್ ಐದು ನಿಮಿಷ ಓಡಿಸಿದೆ. ಬಿಸಿಯಾದರೆ ಆಯಿಲ್ ತೆಳ್ಳಗಾಗುತ್ತದೆ, ಅತಿ ಬಿಸಿಯಾದರೆ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗುತ್ತದೆ. ತಲೆಗೆ ಹಚ್ಚುವ ಎಣ್ಣೆ ಕಾಯಿಸಿದ ಹದವೇ ಇದಕ್ಕೂ. ಬಾನೆಟ್ ಎತ್ತಿದ್ದೇ ತಡ, ಎದುರುಮನೆಯ ಮೇಷ್ಟ್ರು ಕಾಫಿ ಲೋಟ ಸಮೇತ ಪ್ರತ್ಯಕ್ಷರಾದರು. ಎಚ್. ನರಸಿಂಹಯ್ಯನವರು ಪ್ರಿನ್ಸಿಪಾಲರಾಗಿದ್ದ ಕಾಲದಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಓದಿದವರು. ಎಚ್ಚೆನ್ 1962ರಲ್ಲಿ ಕಟ್ಟಿದ ಸೈನ್ಸ್ ಫೋರಂನ ಉಪನ್ಯಾಸಗಳನ್ನು ಇವತ್ತಿಗೂ ತಪ್ಪಿಸುವವರಲ್ಲ.

"ಏನ್ರೀ ಇದು?"

"ಸಕ್ಷನ್ ಪಂಪು ಸಾರ್. ಆಯಿಲ್ ಎಳೆಯತ್ತೆ."

"ಎಳೆಯತ್ತೆ ಅನ್ಬೇಡಿ. ಪ್ರಪಂಚದಲ್ಲಿ ಯಾವ ಪಂಪೂ ಎಳೆಯೋದಿಲ್ಲ. ಡಬ್ಬದ ಗಾಳಿ ಖಾಲಿ ಮಾಡ್ತೀರಿ. ಹೊರಗಿನ ಗಾಳಿ ಆಯಿಲನ್ನ ಒಳಕ್ಕೆ ತಳ್ಳತ್ತೆ."

ನಾನು ಬಗ್ಗಿ ಮೂವತ್ತು ಸಲ ಪಂಪು ಹೊಡೆಯುವಷ್ಟರಲ್ಲಿ ಮೇಷ್ಟ್ರು ಜರ್ಮನಿಯ ಗೆರಿಕೆ ಎರಡು ತಾಮ್ರದ ಅರ್ಧಗೋಳ ಜೋಡಿಸಿ, ಗಾಳಿ ತೆಗೆದು, ಎರಡೂ ಕಡೆಯಿಂದ ಕುದುರೆ ಕಟ್ಟಿ ಎಳೆಸಿದರೂ ಬಿಟ್ಟುಕೊಳ್ಳದ ಕತೆ ಮುಗಿಸಿದ್ದರು. ಆಯಿಲ್ ಮಾತ್ರ ಬರಲಿಲ್ಲ. "ನಮ್ಮೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ ನೋಡಿ. ಗಾಳಿ ಒತ್ತಡ ಸಮುದ್ರಮಟ್ಟಕ್ಕಿಂತ ಶೇಕಡಾ ಹತ್ತು ಕಮ್ಮಿ. ಮಂಗಳೂರಲ್ಲಾಗಿದ್ರೆ ಬೇಗ ಬರ್ತಿತ್ತು." ಆಯಿಲ್ ಬದಲಾಯಿಸಲು ಶಿರಾಡಿ ಘಾಟಿ ಇಳಿಯಬೇಕೇನೋ ಎಂದುಕೊಳ್ಳುತ್ತಿರುವಾಗ ಡಬ್ಬದ ಕ್ಲಿಪ್ಪು ನಾನೇ ಹಾಕಿಲ್ಲದ್ದು ಕಂಡಿತು. ಹಾಕಿದೆ. ಮತ್ತೆ ಮೂವತ್ತು.

ಬಂತು. ಅರೆಪಾರದರ್ಶಕ ಕೊಳವೆಯಲ್ಲಿ ಮೊದಲು ಒಂದು ಕಪ್ಪು ದಾರ ಮೇಲೇರಿತು, ನಡುವೆ ಒಂದೆರಡು ಗುಳ್ಳೆ, ಆಮೇಲೆ ಕೊಳವೆ ಪೂರ್ತಿ ಕಪ್ಪು. ಡಬ್ಬದೊಳಗೆ ಸದ್ದಿಲ್ಲದೆ ಸುತ್ತಿಕೊಂಡು ಬೀಳತೊಡಗಿತು. ಮೇಷ್ಟ್ರೂ ಮಾತು ನಿಲ್ಲಿಸಿದರು. ಪೇಪರಿನ ಹುಡುಗ ಸೈಕಲ್ಲಿಗೆ ಕಾಲು ಕೊಟ್ಟು ನಿಂತ. ಹತ್ತು ನಿಮಿಷ ನಾವು ಮೂವರೂ ಪಾತಾಳಗಂಗೆ ನೋಡಿದವರಂತೆ ನಿಂತಿದ್ದೆವು. ಕೊನೆಗೆ, ಎಳನೀರಿನ ತಳ ಸಿಕ್ಕಿದ ಸ್ಟ್ರಾದ ಹಾಗೆ ಗೊರ್ ಗೊರ್ ಎಂದಿತು.

ಸಂತೋಷದಲ್ಲಿ ಕೊಳವೆಯನ್ನು ಜೋರಾಗಿ ಎಳೆದೆ. ಅದು ಹಾವಿನಂತೆ ಚಿಮ್ಮಿ, ಬಾಯಲ್ಲಿ ಉಳಿದಿದ್ದನ್ನು ಗೇಟಿನ ಮುಂದಿನ ರಂಗೋಲಿಯ ಮೇಲೆ ಉಗುಳಿತು. ಹೆಂಡತಿ ಆರೂವರೆಗೆ ಇಟ್ಟಿದ್ದ ಹದಿನೈದು ಚುಕ್ಕಿಯ ರಂಗೋಲಿಗೆ ಇನ್ನೂ ನಾಲ್ಕೈದು ಚುಕ್ಕಿ ಸೇರಿದವು.

ಕೈಯಂತೂ ಮೊಣಕೈವರೆಗೆ ಕಪ್ಪು. ಸೋಪು ಸೋತಿತು, ಪಾತ್ರೆ ತೊಳೆಯುವ ಲಿಕ್ವಿಡ್ಡು ಸೋತಿತು. ಆಗ ಅಮ್ಮ ಒಳಗಿನಿಂದ ಸೀಗೆಪುಡಿ, ಚಿಗರೆಪುಡಿ ಕಲಸಿದ ಬಟ್ಟಲು ತಂದಿಟ್ಟರು. ನರಕಚತುರ್ದಶಿಗೆ ಬೆನ್ನು ಉಜ್ಜುವ ಅದೇ ಮಿಶ್ರಣ. ಎರಡು ಸಲ ಉಜ್ಜಿದೆ, ಹೋಯಿತು. ಉಗುರಿನ ಸಂದಿಯಲ್ಲೂ ಹೋಯಿತು. ಸಿಂಥೆಟಿಕ್ಕಾದರೂ ಎಣ್ಣೆ ಎಣ್ಣೆಯೇ ಎಂಬ ತಮ್ಮ ವಾದ ಗೆದ್ದದ್ದನ್ನು ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ಬಟ್ಟಲು ತೆಗೆದುಕೊಂಡು ಒಳಗೆ ಹೋದರು, ಅಷ್ಟೆ.

ಡಬ್ಬದ ಗೀಟು ನೋಡಿದೆ. ಎರಡು ಲೀಟರು ಏಳುನೂರು. ಕಾರಿನ ಪುಸ್ತಕದ ಪ್ರಕಾರ ಮೂರು ಲೀಟರು ಚಿಲ್ಲರೆ ಇರಬೇಕು. ಮಿಕ್ಕಿದ್ದೆಲ್ಲಿ? "ತುಪ್ಪದ ಪಾತ್ರೆ ಬಗ್ಗಿಸಿದ್ರೆ ತಳದಲ್ಲಿ ಒಂದಿಷ್ಟು ನಿಲ್ಲಲ್ವೆ?" ಎಂದರು ಮೇಷ್ಟ್ರು. ಹೊಸದನ್ನು ಹೊಯ್ದೆ. ಗೇಜಿನ ಎರಡು ಗೀಟುಗಳ ನಡುವೆ ಜೇನುತುಪ್ಪದ ಬಣ್ಣ ಹೊಳೆಯಿತು. ಆ ದಿನ ಏಳೆಂಟು ಸಲವಾದರೂ ಗೇಜು ಎಳೆದು ನೋಡಿರಬೇಕು. ಒಮ್ಮೆ ಬರೀ ಅದಕ್ಕೆಂದೇ ಊಟದ ನಡುವೆ ಎದ್ದೆ.

ಕಾರಿನೊಳಗಿನಿಂದ ಹಳೆಯ ಆಯಿಲ್ ಹೊರಬಂತು. ಮನೆಯಿಂದ ಹೊರಹೋಗಲು ಒಪ್ಪಲಿಲ್ಲ.

ಸೋಮವಾರ ಕಸದ ಆಟೊ ಬಂತು. ಕ್ಯಾನು ನೋಡಿ ಆಯಮ್ಮ ಕೇಳಿದಳು: "ಇದು ಹಸಿ ಕಸಾನಾ ಸಾರ್, ಒಣ ಕಸಾನಾ?" ಶಂಕರರ ಭಾಷ್ಯ ಓದಿದವರಿಗೂ ಉತ್ತರ ಹೊಳೆಯದ ಪ್ರಶ್ನೆ. ಒದ್ದೆಯಾಗಿದೆ, ಹಸಿಯಲ್ಲ. ಆಟೊ ಹೋಯಿತು. ಹಳೇ ಪೇಪರಿನ ಅಂಗಡಿಯವನು ಖಾಲಿ ಕ್ಯಾನಾದರೆ ತಗೊಳ್ತೀನಿ ಅಂದ. ಮೂಲೆಯಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದಾರೆ, ನಮ್ಮ ಬೀದಿಯಲ್ಲಿ ಯಾವಾಗಲೂ ಒಂದು ಏಳುತ್ತಿರುತ್ತದೆ. ಅಲ್ಲಿನ ಗಾರೆಯವನು ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡಿ ಎಂದು ಆಸೆಯಿಂದ ಕೈಚಾಚಿದ. ಮೇಷ್ಟ್ರು ಬಿಡಲಿಲ್ಲ. 2016ರ ನಿಯಮದಂತೆ ಇದು ಅಪಾಯಕಾರಿ ತ್ಯಾಜ್ಯ, ಮರುಸಂಸ್ಕರಣೆಗೇ ಹೋಗಬೇಕು ಎಂದರು. ಆಯಿಲ್ ತಯಾರಿಸುವ ಕಂಪನಿಗಳೇ ಹಳೆಯದಕ್ಕೂ ಹೊಣೆ ಎಂದು 2024ರ ಏಪ್ರಿಲ್ 1ರಿಂದ ನಿಯಮ ಬಂದಿದೆ. ನನ್ನ ಗೇಟಿಗೆ ಮಾತ್ರ ಯಾವ ಕಂಪನಿಯೂ ಬಂದು ಬೆಲ್ ಮಾಡಲಿಲ್ಲ. ಚರಂಡಿಗೆ ಸುರಿಯುವ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಈ ಕಡೆಯ ನೀರೆಲ್ಲ ಸೇರುವುದು ವೃಷಭಾವತಿಗೆ, ಆ ನದಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಡಿ ಎಂಬ ನಂಬಿಕೆ. ಭಕ್ತರು ತಲೆಮಾರುಗಟ್ಟಲೆ ಎಣ್ಣೆ ಬಳಿದು ಕಪ್ಪಾದ ಬಸವಣ್ಣ ಅವನು. ನನ್ನ ಪಾಲಿನದೂ ಬೇಡ ಅನ್ನಿಸಿತು.

ಹದಿನೆಂಟು ದಿನ ಅದು ಮೆಟ್ಟಿಲಡಿ ಇತ್ತು. ಹತ್ತೊಂಬತ್ತನೆಯ ದಿನ ಕ್ಯಾನನ್ನು ಕಾರಿನಲ್ಲಿಟ್ಟುಕೊಂಡು ಅದೇ ಗ್ಯಾರೇಜಿಗೆ ಹೋದೆ. ಅಲ್ಲೊಂದು ದೊಡ್ಡ ಡ್ರಮ್ಮು ಇದೆ, ತಿಂಗಳಿಗೊಮ್ಮೆ ಮರುಸಂಸ್ಕರಣೆಯವರ ಲಾರಿ ಬಂದು ಒಯ್ಯುತ್ತದೆ. ಮೇಸ್ತ್ರಿ ಮುಚ್ಚಳ ತೆಗೆದು, ಒಂದು ಬೆರಳು ಅದ್ದಿ, ಪಾಕದ ಎಳೆ ನೋಡುವಂತೆ ಎರಡು ಬೆರಳಲ್ಲಿ ಉಜ್ಜಿದ.

"ನೀವೇ ಮಾಡಿದ್ರಾ ಸಾರ್?"

ಪಂಪಿನ ವಿಷಯ ಹೇಳಿದೆ. ಗಾಳಿಯ ಒತ್ತಡದ ವಿಷಯವನ್ನೂ ಸ್ವಲ್ಪ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಫಿಲ್ಟರ್ ಬದ್ಲಾಯಿಸಿದ್ರಾ?"

ಡ್ಯಾಷ್‌ಬೋರ್ಡಿನ ಖಾನೆ ತೆರೆದೆ. ಸೀಲು ಒಡೆಯದ ಡಬ್ಬಿ ಭದ್ರವಾಗಿ ಕೂತಿತ್ತು. ಮೇಸ್ತ್ರಿ ಅದನ್ನು ಕೈಯಿಂದ ಇಸಿದುಕೊಂಡು, ನೆಲಕ್ಕೆ ರಟ್ಟು ಹಾಸಿ, ಒಂದು ಗೇಣಿನ ಸಂದಿಯೊಳಗೆ ಸಲೀಸಾಗಿ ಜಾರಿದ. ಕೆಳಗಿನಿಂದ ಸುಯ್ಯೆಂದು ಏನೋ ಸುರಿದ ಸದ್ದು ಬಂತು.

"ಮಿಕ್ಕಿದ್ದು ಇಲ್ಲಿತ್ತು ನೋಡಿ ಸಾರ್" ಎಂದಿತು ಕಾರಿನಡಿಯ ದನಿ. "ಮುನ್ನೂರು ರೂಪಾಯಿ ರೆಡಿ ಇಟ್ಕೊಳ್ಳಿ."