ಬೈಪಾಸ್ ಬೇಡ

ಹವಾಮಾನ ಇಲಾಖೆಯ ದಾಖಲೆಗಳ ಪ್ರಕಾರ ಬೆಂಗಳೂರು ಅತಿ ಹೆಚ್ಚು ನಡುಗಿದ್ದು 1884ರ ಜನವರಿ 13ರಂದು. ಆ ದಿನದ ಕನಿಷ್ಠ ಉಷ್ಣಾಂಶ 7.8 ಡಿಗ್ರಿ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರ ಜನವರಿಯಲ್ಲಿ. ಅಂದರೆ ಬೆಂಗಳೂರಿಗೆ ಕಾರಿನ ಹೀಟರ್ ನಿಜವಾಗಿ ಬೇಕಾಗಿದ್ದ ದಿನ ಕಾರೇ ಹುಟ್ಟಿರಲಿಲ್ಲ. ಕಾರು ಹುಟ್ಟಿದ ಮೇಲೆ ಅಂಥ ಚಳಿ ಮತ್ತೆ ಬರಲಿಲ್ಲ. ಇಷ್ಟೆಲ್ಲ ತಿಳಿದೂ ನಾನು ನಮ್ಮ 1999ರ ಝೆನ್ ಕಾರಿನ ಹೀಟರ್ ರಿಪೇರಿ ಮಾಡಿಸಿದೆ. ಎಷ್ಟು ಖರ್ಚಾಯಿತು ಎಂಬುದನ್ನು, ಹೆಂಡತಿಯೂ ಓದುವ ಪತ್ರಿಕೆಯಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ.

ಮೊದಲು ಬಂದದ್ದು ವಾಸನೆ. ಬ್ಲೋಯರ್ ಹಾಕಿದರೆ ಸಾಕು, ಕಾರಿನೊಳಗೆಲ್ಲ ಸಿಹಿ ಸಿಹಿಯಾದ ಒಂದು ಘಮ. ಸೀಟಿನ ಕೆಳಗೆ ಯಾವುದೋ ಮದುವೆಯ ತಾಂಬೂಲದ ಚೀಲ ಉಳಿದಿದೆ ಅಂತ ಹೆಂಡತಿ, ಮಗಳ ಚಾಕೊಲೇಟ್ ಕರಗಿದೆ ಅಂತ ನಾನು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಮಾತ್ರ ಮೂಗೆಳೆದು, "ಬೆಲ್ಲದ ಪಾಕ ಕಣೋ, ಏರುಪಾಕ" ಅಂತ ತೀರ್ಪು ಕೊಟ್ಟಳು. ಅದಾದ ಮೇಲೆ ಎಡಗಡೆ ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾಗತೊಡಗಿತು. ಕಾರಿಂದ ಇಳಿದಾಗಲೆಲ್ಲ ಹೆಂಡತಿಯ ಸೀರೆಯ ಅಂಚು ನೆಂದಿರುತ್ತಿತ್ತು. ಮಗಳ ವಾಟರ್ ಬಾಟಲಿಯ ಮೇಲೆ ಆರೋಪ ಹೊರಿಸಿದೆವು. ಶಾಲೆಗೆ ರಜೆ ಬಂತು, ಬಾಟಲಿ ಅಡುಗೆಮನೆ ಸೇರಿತು. ಕಾರ್ಪೆಟ್ ಒದ್ದೆಯಾಗುತ್ತಲೇ ಇತ್ತು. ಮುಂದಿನ ಗಾಜಿನ ಒಳಮೈಗೆ ಎಣ್ಣೆ ಸವರಿದಂಥ ಮಬ್ಬು. ಪೇಪರ್ ಹಾಕಿ ಉಜ್ಜಿದರೆ ಅದು ಹೋಗುತ್ತಿರಲಿಲ್ಲ, ಇದ್ದಲ್ಲಿಂದ ಇಲ್ಲದ ಕಡೆಗೆ ಹರಡುತ್ತಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಸಿಲ್ಕ್ ಬೋರ್ಡಿನಲ್ಲಿ ನನ್ನದೂ ಏರುತ್ತದೆ, ಹಾಗಾಗಿ ಅದನ್ನು ತಪ್ಪೆಂದು ಎಣಿಸಲಿಲ್ಲ.

ಕಡೆಗೆ ಮೆಕ್ಯಾನಿಕ್ ಭಾಯ್ ಮನೆಗೆ ಬಂದರು. ಬಾನೆಟ್ ಎತ್ತಲೂ ಇಲ್ಲ. ಬಗ್ಗಿ ಕಾರ್ಪೆಟ್ಟಿಗೆ ಬೆರಳೊತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ನಿಧಾನವಾಗಿ ತೀಡಿ ನೋಡಿದರು. "ಎಸಿ ನೀರು ಜಾರಲ್ಲ ಸಾರ್. ಇದು ಜಾರ್ತಾ ಇದೆ. ಕೂಲೆಂಟು. ಹೀಟರ್ ಕಾಯಿಲ್ ತೂತು ಬಿದ್ದಿದೆ."

ಕಾರಿನಲ್ಲಿ ಹೀಟರ್ ಎಂಬುದು ಬೇರೆ ಒಲೆಯೇನೂ ಅಲ್ಲ. ಇಂಜಿನ್ ತಣಿಸಿ ಬಿಸಿಯಾದ ನೀರಿನದೇ ಒಂದು ಪಾಲು ಎರಡು ರಬ್ಬರ್ ಹೋಸುಗಳಲ್ಲಿ ಹರಿದು ಡ್ಯಾಶ್‌ಬೋರ್ಡಿನ ಹಿಂದಿರುವ ಅಂಗೈಯಗಲದ ಪುಟ್ಟ ರೇಡಿಯೇಟರನ್ನು ಹೊಕ್ಕು ಬರುತ್ತದೆ. ಭಾಯ್ ಹೇಳಿದ ಕಾಯಿಲ್ ಇದೇ. ಅದರ ಮೇಲೆ ಬ್ಲೋಯರ್ ಗಾಳಿ ಊದಿದರೆ ಅದೇ ಹೀಟರು. ಕೂಲೆಂಟಿನಲ್ಲಿ ತುಕ್ಕು ತಡೆಯುವ ಮದ್ದೂ ಬೆರೆತಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ಇರುವುದು ಉಪ್ಪು ಮತ್ತು ಸುಣ್ಣ.

ಈಗ ಮಾವನ ವಿಷಯ ಬರಲೇಬೇಕು. ಈ ಕಾರು ನಮ್ಮದಾಗುವ ಮುಂಚೆ ನನ್ನ ಹೆಂಡತಿಯ ಸೋದರಮಾವನದು. ಡಿಕ್ಕಿಯಲ್ಲಿ ಅವರು ಸದಾ ಎರಡು ಲೀಟರಿನ ಬಾಟಲಿಯೊಂದನ್ನು ಇಟ್ಟಿರುತ್ತಿದ್ದರು, ತುಂಬ ಹಿತ್ತಿಲ ಬೋರ್‌ವೆಲ್ ನೀರು. "ಕೂಲೆಂಟು ಅನ್ನೋದೆಲ್ಲ ದುಡ್ಡು ಹೊಡೆಯೋ ದಂಧೆ. ದನ ಕುಡಿಯೋ ನೀರು ಕಾರಿಗಾಗಲ್ವಾ?" ಎನ್ನುವುದು ಅವರ ಸಿದ್ಧಾಂತ. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ; ಅವರ ಮನೆಯ ಗೀಸರು ವರ್ಷಕ್ಕೊಂದು ಸಲ ಸುಣ್ಣ ಕಟ್ಟಿಕೊಂಡು ಪ್ರಾಣ ಬಿಡುತ್ತಿತ್ತು. ಕಾರನ್ನು ನನಗೆ ಮಾರುವಾಗ ಆ ಬಾಟಲಿಯನ್ನೂ ಒಂದು ಆಕ್ಸೆಸರಿ ಎಂಬಂತೆ ಕೈಗಿಟ್ಟು, ಹೆಗಲು ತಟ್ಟಿದ್ದರು. ಕೂಲೆಂಟು ಹಾಕಿಸಿದ್ದು ಕಾರು ನನ್ನ ಕೈಗೆ ಬಂದ ಮೇಲೆ; ಅಷ್ಟರಲ್ಲಿ ಕಾಯಿಲ್ ಒಳಗೊಳಗೇ ಸವೆದಿತ್ತು. ನೆಂಟಸ್ತನದಲ್ಲಿ ಕಾರು ಕೊಳ್ಳುವವನು ಬೆಲೆ ಕೊಟ್ಟೂ ಋಣದಲ್ಲಿರುತ್ತಾನೆ. ಕಾರು ಕೆಟ್ಟಾಗ ಬೈಯುವ ಹಕ್ಕೂ ಅವನಿಗಿರುವುದಿಲ್ಲ.

ಭಾಯ್ ಸುಲಭದ ದಾರಿ ಹೇಳಿದರು. "ಬೈಪಾಸ್ ಮಾಡಿಬಿಡೋಣ ಸಾರ್. ಹೀಟರಿಗೆ ಹೋಗೋ ಹೋಸು, ಬರೋ ಹೋಸು, ಎರಡನ್ನೂ ಹೊರಗಡೆನೇ ಸೇರಿಸಿ ಕ್ಲಿಪ್ ಹಾಕಿದ್ರೆ ಆಯ್ತು. ಅರ್ಧ ಗಂಟೆ ಕೆಲಸ. ಕಾಯಿಲ್ ಬದಲಾಯಿಸ್ಬೇಕು ಅಂದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸ್ಬೇಕು. ಬೆಂಗಳೂರಲ್ಲಿ ಹೀಟರ್ ಯಾರಿಗೆ ಬೇಕು?"

ಆ ಪ್ರಶ್ನೆಯೇ ನನ್ನನ್ನು ಕೆಣಕಿದ್ದು. ಮಳೆಗಾಲದಲ್ಲಿ ಘಾಟಿ ಇಳಿಯುವಾಗ ಗಾಜಿನ ಮಂಜು ಬಿಡಿಸುವುದು ಇದೇ ಹೀಟರಿನ ಒಣ ಬಿಸಿಗಾಳಿ. ಇಂಜಿನ್ ಕುದಿಯುತ್ತಿದ್ದರೆ ಹೀಟರನ್ನು ಪೂರ್ತಿ ತೆರೆದು ಒಂದಿಷ್ಟು ಶಾಖವನ್ನು ಒಳಗೆಳೆದುಕೊಂಡು, ಬೆವರು ಸುರಿಸುತ್ತಾ ಗ್ಯಾರೇಜಿನವರೆಗೆ ಹೋಗಬಹುದು. ಇವೆಲ್ಲವನ್ನೂ ಭಾಯ್‌ಗೆ ವಿವರಿಸಿದೆ. ಅವರು ನನಗಿಂತ ಮೊದಲೇ ಬಲ್ಲವರು, ತಲೆದೂಗಿ, "ಘಾಟಿಗೆ ಎಷ್ಟು ಸಲ ಹೋಗಿದೀರಾ ಸಾರ್?" ಅಂದರು. ನಾನು ಮಾತು ಬದಲಿಸಿದೆ.

ನಿಜವಾದ ಕಾರಣ ಬೇರೆ. ನೀಲಿಯಿಂದ ಕೆಂಪಿಗೆ ಸರಿಯುವ ಆ ಲಿವರ್ ಕಣ್ಣೆದುರಿಗಿರಬೇಕು, ಸರಿಸಿದರೆ ಏನೂ ಆಗಬಾರದು ಎನ್ನುವುದು ನನ್ನಿಂದ ಸಹಿಸಲಾಗದ ವಿಷಯ. ನಮ್ಮ ಮನೆಯ ಕಾಲಿಂಗ್ ಬೆಲ್ ಹಾಗಿದೆ, ಬಡಾವಣೆಯ ಬೀದಿದೀಪ ಹಾಗಿದೆ, ಕಚೇರಿಯ ಗೋಡೆಯ ಮೇಲಿನ ಸಲಹಾ ಪೆಟ್ಟಿಗೆಯಂತೂ ಸರಿಯೇ ಸರಿ. ಒಂದಾದರೂ ನೆಟ್ಟಗಿರಲಿ ಎಂದು ಹಟ ಹಿಡಿದೆ.

ಭಾಯ್‌ಗೆ ಭಾನುವಾರದವರೆಗೆ ಬಿಡುವಿರಲಿಲ್ಲ. ನನಗೆ ತಾಳ್ಮೆ ಇರಲಿಲ್ಲ. ಗ್ಲೋವ್‌ಬಾಕ್ಸ್ ಬಿಚ್ಚಿ ಸೋರುವ ಜಾಗವನ್ನು ನಾನೇ ಕಣ್ಣಾರೆ ನೋಡುತ್ತೇನೆಂದು ಶನಿವಾರ ಬೆಳಿಗ್ಗೆ ಹಳೆಯ ಬನಿಯನ್ನು, ಅದಕ್ಕಿಂತ ಹಳೆಯ ಬರ್ಮುಡಾ ತೊಟ್ಟು ಪೋರ್ಟಿಕೋಗೆ ಇಳಿದೆ. ಕಾರಿನ ಎಡಬಾಗಿಲು ತೆರೆದು, ಅಂಗಾತ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದೆ. ಕಾಲುಗಳು ಹೊರಗೆ. ಬಾಯಲ್ಲಿ ಟಾರ್ಚು. ಮೇಲೆ ಕಪ್ಪು ಪೆಟ್ಟಿಗೆ, ಅದರ ಮೂಲೆಯಿಂದ ಹಸಿರು ಹನಿಯೊಂದು ದಪ್ಪಗಾಗುತ್ತಾ, ಯೋಚಿಸುತ್ತಾ, ಕೊನೆಗೆ ಬಲಗಿವಿಯೊಳಗೆ ಬಿತ್ತು. ಬೆಚ್ಚಿ ತಲೆ ಎತ್ತಿದೆ. ಕನ್ನಡಕಕ್ಕೆ ಕಟ್ಟಿದ್ದ ದಾರ ಯಾವುದೋ ಕಬ್ಬಿಣದ ಪಟ್ಟಿಗೆ ಸಿಕ್ಕಿಕೊಂಡಿತು. ಎಳೆದರೆ ಕನ್ನಡಕ ಹೋಗುತ್ತದೆ; ಎಳೆಯದಿದ್ದರೆ ನಾನು ಹೊರಬರುವಂತಿಲ್ಲ.

ಆಗ ಗೇಟಿನ ಸದ್ದಾಯಿತು.

"ಅಕ್ಕಾ, ಭಾವ ಇದಾರಾ?" ಹೆಂಡತಿಯ ಚಿಕ್ಕಮ್ಮನ ಮಗ. ಜೊತೆಗೆ ಚಿಕ್ಕಮ್ಮ, ಕೈಯಲ್ಲಿ ಕುಂಕುಮದ ಭರಣಿ. ಮದುವೆಗೆ ಕರೆಯಲು ಬಂದಿದ್ದಾರೆ.

"ಇದಾರೆ," ಎಂದಳು ಹೆಂಡತಿ. ಆಮೇಲೆ ತುಸು ಮೌನ. ಮೂರು ಜೊತೆ ಕಣ್ಣುಗಳು ನನ್ನ ಮೊಣಕಾಲುಗಳ ಮೇಲೆ ನೆಟ್ಟಿರುವುದು ಚರ್ಮಕ್ಕೇ ಗೊತ್ತಾಯಿತು.

"ನಮಸ್ಕಾರ ಭಾವ," ಎಂದು ಹುಡುಗ ಕಾಲುಗಳಿಗೆ ಹೇಳಿದ.

"ಹ್ಞೂಂ," ಎಂದೆ, ಟಾರ್ಚ್ ಕಚ್ಚಿಕೊಂಡೇ. ಬಲಪಾದವನ್ನು ಸ್ವಲ್ಪ ಅಲ್ಲಾಡಿಸಿದೆ, ಮರ್ಯಾದೆಗೆ ಕಡಿಮೆಯಾಗಬಾರದಲ್ಲ.

"ಒಳಗೆ ಬನ್ನಿ, ಅವರು ಬರ್ತಾರೆ," ಅಂತ ಹೆಂಡತಿ ಕರೆದಳು. ಚಿಕ್ಕಮ್ಮ ಕೇಳಬೇಕಲ್ಲ. ರಾಹುಕಾಲ ಹತ್ತಿರವಾಗುತ್ತಿದೆ, ಇನ್ನೂ ಐದಾರು ಮನೆ ಇವೆ, ದಂಪತಿಗಳಿಬ್ಬರಿಗೂ ಒಟ್ಟಿಗೇ ಕೊಡಬೇಕು, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತವರಿಗೆ.

"ಅವನ ಮುಖ ಎಲ್ಲಿದೆಯೇ?"

"ಇಂಜಿನ್ ಕಡೆಗೆ ಚಿಕ್ಕಮ್ಮ."

"ಇಂಜಿನ್ ಯಾವ ದಿಕ್ಕಿಗಿದೆ?"

ಲೆಕ್ಕಾಚಾರ ನಡೆಯಿತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಕಾಂಪೌಂಡಿನ ಆಚೆಯಿಂದಲೇ ಸೂರ್ಯನನ್ನು ನೋಡಿ ಈಶಾನ್ಯ ಎಂದರು. ಈಶಾನ್ಯ ಆಗಬಹುದು, ದೇವಮೂಲೆ ಎಂದರು ಚಿಕ್ಕಮ್ಮ. ಹೆಂಡತಿಯನ್ನು ಕಾರಿನ ಬಾಗಿಲ ಬಳಿ, ನನ್ನ ಎಡಗಾಲಿನ ಪಕ್ಕ ನಿಲ್ಲಿಸಲಾಯಿತು. ಕುಂಕುಮ ಕೊಟ್ಟದ್ದಾಯಿತು. "ಮುಹೂರ್ತಕ್ಕೇ ಬರಬೇಕು, ಬರೀ ಊಟಕ್ಕೆ ಬಂದ್ರೆ ಆಗಲ್ಲ," ಎಂದು ಹೇಳಬೇಕಾದ್ದನ್ನೆಲ್ಲ ಅವರು ಕಾಲುಗಳಿಗೇ ಒತ್ತಿ ಹೇಳಿದರು. ನನ್ನ ಹೆಬ್ಬೆರಳುಗಳು ಒಪ್ಪಿದವು. ಪತ್ರಿಕೆಗಾಗಿ ಬಲಗೈಯನ್ನು ಸೀಟಿನ ಸಂದಿಯಿಂದ ಹೇಗೋ ಹೊರಗೆ ಚಾಚಿದೆ. ಅಷ್ಟು ಹೊತ್ತೂ ಸೋರುವ ಮೂಲೆಯನ್ನು ಒತ್ತಿ ಹಿಡಿದಿದ್ದ ಕೈ ಅದು. ಅರಿಸಿನ ಹಚ್ಚಿದ್ದ ಲಗ್ನಪತ್ರಿಕೆಯ ಅಂಚಿನ ಮೇಲೆ ಗಿಣಿಹಸಿರಿನ ಐದು ಬೆರಳು ಮೂಡಿದವು.

"ಇದೇನೋ ಇದು ಹಸಿರು?"

"ಹಸಿರು ಶುಭ ಬಿಡಮ್ಮ," ಎಂದ ಹುಡುಗ. ಅವನ ದಾಂಪತ್ಯ ನೂರ್ಕಾಲ ಸುಖವಾಗಿರಲಿ.

ಗೇಟಿನ ಬಳಿ ಚಿಕ್ಕಮ್ಮ ದನಿ ತಗ್ಗಿಸಿದರು. ಡ್ಯಾಶ್‌ಬೋರ್ಡಿನ ಕೆಳಗಿರುವವನಿಗೆ ಹೊರಗಿನ ಪಿಸುಮಾತು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆಂದು ಯಾರಿಗೂ ತಿಳಿದಂತಿಲ್ಲ. "ಮೆಕ್ಯಾನಿಕ್ಕಿಗೆ ಕೊಡೋಕೂ ಕಷ್ಟವೇನೇ? ನಮ್ಮ ಹತ್ರ ಹೇಳ್ಕೋಬಾರ್ದಾ?"

ಅವರು ಹೋದ ಮೇಲೆ ಹೆಂಡತಿ ಕತ್ತರಿ ತಂದು ದಾರ ಕತ್ತರಿಸಿದಳು. ಒಂದು ಮಾತೂ ಆಡಲಿಲ್ಲ.

ಕಾಯಿಲ್ ಹುಡುಕಿದ ಕಥೆಯನ್ನು ಬೇಗ ಮುಗಿಸುತ್ತೇನೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೀಟರ್ ಕಾಯಿಲ್ ಬೇಕೆಂದರೆ, "ಸ್ನಾನದ ನೀರು ಕಾಯಿಸೋದಾ? ಎಸ್.ಪಿ. ರಸ್ತೆಗೆ ಹೋಗಿ" ಅಂದರು. ಕಾರಿನದು ಎಂದರೆ ಎಸಿಯ ಕೂಲಿಂಗ್ ಕಾಯಿಲ್ ತಂದು ಮುಂದಿಟ್ಟರು. ಕೊನೆಗೆ ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ. ಕಿತ್ತ ಬಾಗಿಲುಗಳ ರಾಶಿಯ ಹಿಂದಿಂದ ಹುಡುಗನೊಬ್ಬ ಅದನ್ನು ಎಳೆದು ತಂದ. ಒಂದು ಮೂತಿಗೆ ಹೆಬ್ಬೆರಳು ಒತ್ತಿ, ಇನ್ನೊಂದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದ. ಒಂದು ಗುಳ್ಳೆಯೂ ಏಳಲಿಲ್ಲ.

ಭಾನುವಾರ ಭಾಯ್ ಬಂದು ಸ್ಟೀರಿಂಗ್, ಮೀಟರ್ ಎಲ್ಲವನ್ನೂ ಬಿಚ್ಚಿ ಡ್ಯಾಶ್‌ಬೋರ್ಡನ್ನು ಪೋರ್ಟಿಕೋದ ಚಾಪೆಯ ಮೇಲೆ ಮಲಗಿಸಿದರು. ಅದರ ಹಿಂದೆ ನಾಲ್ಕಾಣೆಯ ಒಂದು ನಾಣ್ಯ ಸಿಕ್ಕಿತು, 2011ರಲ್ಲೇ ಚಲಾವಣೆ ಕಳೆದುಕೊಂಡದ್ದು. ಜೊತೆಗೆ ಧರ್ಮಸ್ಥಳದ ಕುಂಕುಮದ ಪೊಟ್ಟಣ. ಎರಡೂ ಮಾವನವೇ.

ಇಳಿಸಿದ ಕೂಲೆಂಟ್ ಟಬ್ಬಿನಲ್ಲಿತ್ತು. ನಾನು ಅದನ್ನು ಹಾಗೇ ಬಿಟ್ಟು ಕಾಫಿಗೆ ಎದ್ದೆ. ಭಾಯ್ ಗದರಿದರು; ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಹಲಗೆ ಮುಚ್ಚಿ ಕಲ್ಲು ಹೇರಿದ ಮೇಲೇ ಮಾತಾಡಿದ್ದು. ಅವರ ಶೆಡ್ಡಿನಲ್ಲಿ ಒಂದು ಕೆಂದು ನಾಯಿ ಇತ್ತಂತೆ. ಸಿಹಿಯಾಗಿದೆ ಅಂತ ನೆಕ್ಕಿತು. ಮೊದಲು ಕುಡಿದವರ ಹಾಗೆ ತೂರಾಡಿತಂತೆ, ಹುಡುಗರು ನಕ್ಕರಂತೆ. ಆಮೇಲೆ ಮೂತ್ರ ಕಟ್ಟಿ ಸತ್ತಿತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಮೈಯೊಳಗೆ ಹೋಗಿ ಹರಳಾಗಿ ಮೂತ್ರಪಿಂಡದಲ್ಲಿ ಕೂತುಬಿಡುತ್ತದೆ. ಅದರ ದಾಯಾದಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ ಕೊಟ್ಟು 1986ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ 14 ರೋಗಿಗಳು ಸತ್ತರು. ಅದರ ಮೇಲೆ ವಿಚಾರಣಾ ಆಯೋಗವೇ ಕೂತಿತ್ತು. ಕಾರ್ಪೆಟ್ ಒದ್ದೆಯಾದ ಮೇಲೆ ಅಮ್ಮ ಒಂದು ದಿನ ಅದಕ್ಕೆ ಬೆರಳದ್ದಿ ಮೂಸಿ ನೋಡಿದ್ದಳು. ಎಪ್ಪತ್ತು ವರ್ಷ ಪಾಕ ನೋಡಿದ ಕೈ. ಮೂಗಿನಿಂದ ನಾಲಿಗೆಗೆ ಎಷ್ಟು ದೂರ? ಕಾಫಿ ಲೋಟ ಹಿಡಿದು ನಾನು ಬಹಳ ಹೊತ್ತು ಸುಮ್ಮನೆ ನಿಂತಿದ್ದೆ. ಭಾಯ್ ಟಬ್ಬನ್ನು ಕ್ಯಾನಿಗೆ ಸುರಿದು, ನೆಲವನ್ನು ಎರಡು ಸಲ ನೀರು ಹಾಕಿ ತೊಳೆದರು. ಕಾರ್ಪೆಟ್ಟನ್ನು ಕಿತ್ತು ತಾವೇ ಒಯ್ದರು.

ಸಂಜೆಗೆ ಡ್ಯಾಶ್‌ಬೋರ್ಡ್ ಮತ್ತೆ ಕೂತಿತು. ಹೊಸ ಕೂಲೆಂಟು ಹಾಕಿ, ಗಾಳಿ ತೆಗೆದು, ಲಿವರನ್ನು ಕೆಂಪಿಗೆ ಸರಿಸಿದರೆ ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಬಿಸಿಗಾಳಿ ಭರ್ರೆಂದು ಮುಖಕ್ಕೆ ರಾಚಿತು. ಭಾಯ್ ಮತ್ತು ನಾನು ಬೆವರುತ್ತಾ, ಕೈಕುಲುಕುತ್ತಾ ಅದರ ಎದುರು ಕೂತೆವು.

ಮಳೆಗಾಲದಲ್ಲಿ ಹಟ ಹಿಡಿದು ಎಲ್ಲರನ್ನೂ ಧರ್ಮಸ್ಥಳಕ್ಕೆ ಹೊರಡಿಸಿದೆ. ಮಾವನನ್ನೂ ಹತ್ತಿಸಿಕೊಂಡೆ, ಬಾಟಲಿಯನ್ನು ಹತ್ತಿಸಲಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮಳೆ ಹಿಡಿಯಿತು, ಗಾಜು ಮುಚ್ಚಿಕೊಂಡಿತು. ನಾನು ಯಾರೂ ಕೇಳದಿದ್ದರೂ "ಈಗ ನೋಡಿ" ಎಂದು ಲಿವರ್ ಸರಿಸಿದೆ. ಗಾಜಿನ ಕೆಳಗಿನಿಂದ ಮಬ್ಬು ಹಿಂದೆ ಸರಿಯುತ್ತಾ, ರಸ್ತೆ ಮೊಳ ಮೊಳವಾಗಿ ಬಿಚ್ಚಿಕೊಂಡಿತು. ಹೆಂಡತಿ ಕೂಡ "ಪರವಾಗಿಲ್ಲ ರೀ" ಅಂದಳು.

ಹಿಂದಿನ ಸೀಟಿನಿಂದ ಮಾವ ಮುಂದಕ್ಕೆ ಬಗ್ಗಿ, ಬಿಸಿಗಾಳಿಗೆ ಅಂಗೈ ಒಡ್ಡಿದರು.

"ಇದರಲ್ಲಿ ಹೀಟರ್ ಇತ್ತೇನೋ?"

"ಇತ್ತು ಮಾವ. ಮೊದಲಿಂದಲೂ."

ಅವರು ಬಹಳ ಹೊತ್ತು ಲೆಕ್ಕ ಹಾಕಿದರು. ಗುಂಡ್ಯ ಬರುವ ಹೊತ್ತಿಗೆ ನಿಟ್ಟುಸಿರು ಬಿಟ್ಟು, "ಗೊತ್ತಿದ್ದಿದ್ರೆ ಇನ್ನೊಂದು ಹತ್ತು ಸಾವಿರ ಜಾಸ್ತಿ ಹೇಳ್ತಿದ್ದೆ," ಅಂದರು.